ಭಾವನ ಹಾಲ್ವಿಂಗ್ ಪಂಚಾಂಗ

ನಮ್ಮ ಭಾವನಿಗೆ ಬುದ್ಧಿ ಬರುವುದು ನಾಲ್ಕು ವರ್ಷಕ್ಕೊಮ್ಮೆ, ಬಿಟ್‌ಕಾಯಿನ್ ಎಂಬ ಇಂಟರ್ನೆಟ್ ನಾಣ್ಯದ ಬೆಲೆ ಬಿದ್ದ ಮೇಲೆ. ಬೆಲೆ ಏರಿದ ಕೂಡಲೇ ಅದು ಬಂದ ದಾರಿಯಲ್ಲೇ ಹೋಗುತ್ತದೆ.

ಭಾವ ಅಂದರೆ ತಂಗಿಯ ಗಂಡ. ಕಾಸರಗೋಡಿನ ಬದಿಯಡ್ಕದ ಒಳಗೆ ಅಡಿಕೆ ತೋಟ ಉಂಟು. ಮೊನ್ನೆ ಹೋದಾಗ ಅಂಗಳದಲ್ಲಿ ಅಡಿಕೆ ಒಣಗುತ್ತಿತ್ತು, ಜಗಲಿಯಲ್ಲಿ ಮೊಬೈಲು ಹಿಡಿದು ಭಾವ ಒಣಗುತ್ತಿದ್ದ.

"ರಾತ್ರಿ ನಿದ್ದೆ ಇಲ್ಲ ಅಣ್ಣ" ಅಂದಳು ತಂಗಿ. "ಈ ಮಾರ್ಕೆಟ್ಟಿಗೆ ಆದಿತ್ಯವಾರವೂ ರಜೆ ಇಲ್ಲವಂತೆ."

ರಾತ್ರಿ ನಿದ್ದೆ ಬಿಡುವುದು ನಮ್ಮೂರಿಗೆ ಹೊಸತೇನಲ್ಲ. 2000ದಲ್ಲಿ ಮಡಗಾಸ್ಕರಿಗೆ ಚಂಡಮಾರುತ ಬಡಿದು ಅಲ್ಲಿನ ವೆನಿಲ್ಲಾ ಹಾಳಾಯಿತು. ಅದೇ ಬಳ್ಳಿ ನೆಟ್ಟಿದ್ದ ನಮಗೆ ಶುಕ್ರದೆಸೆ. 2003ರ ಹೊತ್ತಿಗೆ ಹಸಿ ಕೋಡಿಗೆ ಕಿಲೋಗೆ ಮೂರು ಸಾವಿರ ರೂಪಾಯಿ. ಸ್ವಂತ ಮಗುವಿನ ತೊಟ್ಟಿಲು ತೂಗಲು ಪುರುಸೊತ್ತಿಲ್ಲದ ಗಂಡಸರು ಬೆಳಿಗ್ಗೆ ಕಡ್ಡಿ ಹಿಡಿದು ಹೂ ಹೂವಿಗೂ ಪರಾಗಸ್ಪರ್ಶ ಮಾಡಿಸಿದರು. ರಾತ್ರಿ ಟಾರ್ಚು, ನಾಯಿ, ಕಾವಲು. ಕೆಲವೇ ವರ್ಷದಲ್ಲಿ ಬೆಲೆ ನೂರರ ಹತ್ತಿರ ಬಂದು ಕುಳಿತಿತು. ನಾಯಿಗೆ ಮಾತ್ರ ರಾತ್ರಿ ಬೊಗಳುವ ಅಭ್ಯಾಸ ಉಳಿಯಿತು.

ಆಗ ನಿಜವಾಗಿ ದುಡ್ಡು ಮಾಡಿದವರು ಕೋಡು ಮಾರಿದವರಲ್ಲ, ಬಳ್ಳಿ ಮಾರಿದವರು. ಮೀಟರಿನ ಲೆಕ್ಕದಲ್ಲಿ ತುಂಡು ಮಾಡಿ ಕೊಟ್ಟರು. ತೆಗೆದುಕೊಂಡವನೂ ಕೋಡು ಬರುವ ಮೊದಲೇ ಇನ್ನೊಬ್ಬನಿಗೆ ತುಂಡು ಮಾಡಿದ.

ಭಾವ ಬಿಟ್‌ಕಾಯಿನ್ ಹೆಸರು ಕೇಳಿದ್ದು 2017ರ ಡಿಸೆಂಬರಿನಲ್ಲಿ. ಅದು 20 ಸಾವಿರ ಡಾಲರಿನ ಹತ್ತಿರ ಹೋಗಿತ್ತು. 2015ರಲ್ಲಿ 300 ಡಾಲರಿನ ಆಸುಪಾಸು ಇದ್ದಾಗ ಯಾರೂ ಅವನಿಗೆ ಹೇಳಲಿಲ್ಲ. ಹೇಳಿದ್ದರೂ ಕೊಳ್ಳುತ್ತಿರಲಿಲ್ಲ ಬಿಡಿ, ಅಗ್ಗದ ಮಾಲು ಯಾರಿಗೆ ಬೇಕು? ಒಂದು ವರ್ಷದಲ್ಲಿ ಅದು 3 ಸಾವಿರ ಚಿಲ್ಲರೆಗೆ ಇಳಿಯಿತು. ಹೆದರಿ ಮಾರಿದ. 2021ರ ನವೆಂಬರಿನಲ್ಲಿ 69 ಸಾವಿರ ಆಯಿತು. ಧೈರ್ಯ ಬಂದು ಕೊಂಡ. ಮರುವರ್ಷದ ನವೆಂಬರಿಗೆ 16 ಸಾವಿರಕ್ಕಿಂತ ಕೆಳಗೆ.

ನಡುವೆ ಲೂನಾ ಅಂತ ಇನ್ನೊಂದು ನಾಣ್ಯ. 2022ರ ಏಪ್ರಿಲಿನಲ್ಲಿ 100 ಡಾಲರು ದಾಟಿದ್ದು, ಮೇ ತಿಂಗಳಲ್ಲಿ ಕೆಲವೇ ದಿನಕ್ಕೆ ಪೈಸೆಗೂ ಬಾರದಾಯಿತು. ಕೊಳೆರೋಗ ಬಂದ ತೋಟದಲ್ಲೂ ಅಡಿಕೆ ಇಷ್ಟು ಬೇಗ ಉದುರುವುದಿಲ್ಲ. ಮತ್ತೊಂದು ಡೋಜ್‌ಕಾಯಿನ್. 2013ರಲ್ಲಿ ಇಬ್ಬರು ಎಂಜಿನಿಯರುಗಳು ತಮಾಷೆಗೆಂದೇ ಮಾಡಿದ್ದು, ಮೇಲೆ ನಾಯಿಯ ಚಿತ್ರ. ವೆನಿಲ್ಲಾ ಕಾಲದಲ್ಲಿ ನಾಯಿ ನಮ್ಮ ಮಾಲು ಕಾಯುತ್ತಿತ್ತು. ಈಗ ಮಾಲೇ ನಾಯಿ, ಕಾಯುವವನು ಭಾವ.

ಅವನ ಪಂಚಾಂಗದಲ್ಲಿ ಈಗ ದೊಡ್ಡ ಹಬ್ಬ ಹಾಲ್ವಿಂಗ್. ದೇವಸ್ಥಾನಕ್ಕೆ ಬ್ರಹ್ಮಕಲಶ 12 ವರ್ಷಕ್ಕೊಮ್ಮೆ, ಬಿಟ್‌ಕಾಯಿನ್ನಿಗೆ ಹಾಲ್ವಿಂಗ್ ಸುಮಾರು ನಾಲ್ಕು ವರ್ಷಕ್ಕೊಮ್ಮೆ. ಹತ್ತು ಹತ್ತು ನಿಮಿಷಕ್ಕೆ ಹುಟ್ಟುವ ಹೊಸ ನಾಣ್ಯ ಆಗ ಅರ್ಧಕ್ಕೆ ಇಳಿಯುತ್ತದೆ. 2009ರಲ್ಲಿ 50 ಇದ್ದದ್ದು 2024ರ ಏಪ್ರಿಲಿನಿಂದ 3.125. ಒಟ್ಟು 2 ಕೋಟಿ 10 ಲಕ್ಷದ ಮೇಲೆ ಹುಟ್ಟುವಂತೆಯೇ ಇಲ್ಲ.

"ಫಸಲು ಕಡಿಮೆ ಆದ್ರೆ ರೇಟು ಬರ್ತದೆ. ನಿಮಗೆ ಬೇರೆ ಹೇಳ್ಬೇಕಾ ಭಾವ?" ಅಂದ ನನಗೆ.

ಬೇಡ. ಆದರೆ ಇಡೀ ಲೋಕಕ್ಕೆ ನಾಲ್ಕು ವರ್ಷ ಮೊದಲೇ ಗೊತ್ತಿರುವ ಫಸಲಿನ ಲೆಕ್ಕ ಬದಿಯಡ್ಕದ ಜಗಲಿಯಲ್ಲಿ ಮಾತ್ರ ಗುಟ್ಟಾಗುವುದು ಹೇಗೆ? ಕೇಳಿದೆ. ಮೊಬೈಲಿನಿಂದ ತಲೆ ಎತ್ತಲಿಲ್ಲ.

ಸರ್ಕಾರಕ್ಕೆ ಮಾತ್ರ ಇದರಲ್ಲಿ ಗೊಂದಲವೇ ಇಲ್ಲ. 2022ರ ಏಪ್ರಿಲಿನಿಂದ ಲಾಭಕ್ಕೆ ಶೇ 30 ತೆರಿಗೆ. ಒಂದು ನಾಣ್ಯದಲ್ಲಿ ಹೋದದ್ದನ್ನು ಇನ್ನೊಂದರಲ್ಲಿ ಬಂದದ್ದರಿಂದ ಕಳೆಯುವಂತಿಲ್ಲ. ಗೆದ್ದರೆ ಪಾಲುದಾರ, ಸೋತರೆ ಪರಿಚಯವೇ ಇಲ್ಲ. ಲಾಟರಿ ಗೆದ್ದರೂ ಇದೇ ಶೇ 30. ಕೇರಳ ಸರ್ಕಾರ 1967ರಿಂದ ಲಾಟರಿ ಮಾರುತ್ತಿದೆ. ಟಿಕೆಟಿನಲ್ಲಿ ಡ್ರಾ ತಾರೀಕು ಅಚ್ಚಾಗಿರುತ್ತದೆ, ಮರುದಿನ ಪೇಪರು ನೋಡಿ ಹರಿದು ಬಿಸಾಡಬಹುದು. ಭಾವನ ಟಿಕೆಟಿಗೆ ಆ ಸುಖವೂ ಇಲ್ಲ. ಆದರೂ ಬಸ್‌ಸ್ಟ್ಯಾಂಡಿನಲ್ಲಿ ಲಾಟರಿಯವನು ಎದುರಾದರೆ ಮೂಗು ಮುರಿಯುತ್ತಾನೆ. ಅದು ಜೂಜಂತೆ.

2024ರ ಡಿಸೆಂಬರಿನಲ್ಲಿ ಬಿಟ್‌ಕಾಯಿನ್ ಮೊದಲ ಸಲ ಲಕ್ಷ ಡಾಲರು ದಾಟಿತು. ಆಗ ಭಾವನ ಕೈಯಲ್ಲಿ ನಾಣ್ಯ ಇರಲಿಲ್ಲ, ಅನುಭವ ಮಾತ್ರ ಇತ್ತು. ಈಗ ಅದನ್ನೇ ವಾಟ್ಸಾಪ್ ಗ್ರೂಪಿನಲ್ಲಿ ಹಂಚುತ್ತಿದ್ದಾನೆ. ಊರಿನ ಹುಡುಗರು ಜಾಸ್ತಿ, ಮದುವೆ ಮನೆಯಲ್ಲಿ ಸಿಕ್ಕಿದ ನೆಂಟರೂ ಇದ್ದಾರೆ. 2028ಕ್ಕೆ ಮುಂದಿನ ಹಾಲ್ವಿಂಗ್, ಅಷ್ಟರೊಳಗೆ ಒಳಗೆ ಬಂದವರೇ ಬದುಕಿದವರು ಅಂತ ಉಪನ್ಯಾಸ.

"ನೀವೂ ಸೇರಿ ಭಾವ. ನನ್ನ ಲಿಂಕಿನಲ್ಲೇ ಬನ್ನಿ, ಇಬ್ಬರಿಗೂ ಸ್ವಲ್ಪ ಸಿಗ್ತದೆ."

ಹೊರಡುವಷ್ಟರಲ್ಲಿ ಲಿಂಕು ಬಂತು. ತೆರೆದು ನೋಡಿದೆ. ಸುಮಾರು ಅರ್ಧ ಮೀಟರು ಉದ್ದ ಇತ್ತು.