ಚಾಸಿಗೆ ಕಪ್ಪು ಬಳಿದು ಜೀಪ್ ಮಾರಬೇಡಿ

ಹಳೆ ಜೀಪ್ ನೋಡಲು ಹೋದವರು ಮೊದಲು ಬಾನೆಟ್ ಎತ್ತುತ್ತಾರೆ. ನಾನೂ ಅದನ್ನೇ ಮಾಡಿದೆ. 1994ರ ಮಹೀಂದ್ರಾ ಎಂಎಂ 540. ಪೂಜೋ ಡೀಸೆಲ್ ಎಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು, ಹೊಗೆಯೂ ಕಮ್ಮಿ. ಕೆಳಗೆ ಬಗ್ಗಿ ನೋಡಿದರೆ ಚಾಸಿ, ಅಂದರೆ ಇಡೀ ಗಾಡಿ ಹೊರುವ ಕಬ್ಬಿಣದ ಚೌಕಟ್ಟು, ಕಪ್ಪಗೆ ಹೊಳೆಯುತ್ತಿತ್ತು. "ಮೊನ್ನೆ ಅಷ್ಟ ಕೋಟಿಂಗ್ ಮಾಡ್ಸೇವ್ರೀ" ಅಂದರು ಮಾರುವವರು. ನಂಬಿದೆ. ಆ ಗಾಡಿ ವರ್ಷಗಟ್ಟಲೆ ಗೋವಾದಲ್ಲಿ, ಸಮುದ್ರದ ಹತ್ತಿರ ಓಡಾಡಿದ್ದು ಅಂತ ಗೊತ್ತಿದ್ದೂ ನಂಬಿದೆ.

ಕಳೆದ ಮಳೆಗಾಲದಲ್ಲಿ ಜಾಂಬೋಟಿ ದಾಟಿ ಕಣಕುಂಬಿ ಕಡೆ ಹೊರಟಿದ್ದೆವು. ಹಿಂದೆ ಹೆಂಡತಿ, ಇಬ್ಬರು ಮಕ್ಕಳು. ಒಂದು ಗುಂಡಿಗೆ ಇಳಿದ ಕೂಡಲೇ ಟಕ್ ಅಂತ ಸದ್ದು. ಜೀಪ್ ಎಡಕ್ಕೆ ವಾಲಿತು. ಇಳಿದು ನೋಡಿದರೆ, ಹಿಂದಿನ ಪಾಟಾ (ಪಟ್ಟಿ ಸ್ಪ್ರಿಂಗ್) ಹಿಡಿದಿರುವ ಹ್ಯಾಂಗರ್ ತಾನು ಕೂತಿದ್ದ ಚಾಸಿಯ ತಗಡನ್ನೇ ಹರಿದುಕೊಂಡು ಬಂದಿತ್ತು. ನಿಧಾನಕ್ಕೆ ಹೋಗುತ್ತಿದ್ದೆವು, ಯಾರಿಗೂ ಏನೂ ಆಗಲಿಲ್ಲ. ಅದೇ ಚೋರ್ಲಾ ಘಾಟಿನ ಇಳಿಜಾರಿನಲ್ಲಿ ಆಗಿದ್ದರೆ? ಈಗಲೂ ಕೆಲವು ರಾತ್ರಿ ನಿದ್ದೆ ಬರುವುದಿಲ್ಲ.

ಬೆಳಗಾವಿಯ ಉದ್ಯಮಬಾಗದಲ್ಲಿ ವೆಲ್ಡಿಂಗ್ ಮಾಡುವ ಒಬ್ಬ ಹಿರಿಯ ಮಿಸ್ತ್ರಿ ಇದ್ದಾರೆ. ಎಲ್ಲರೂ ಮಾಮಾ ಅಂತಲೇ ಕರೆಯುತ್ತಾರೆ. ಅವರು ಎಂಜಿನ್ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಸಣ್ಣ ಸುತ್ತಿಗೆ ಹಿಡಿದು ಜೀಪಿನ ಕೆಳಗೆ ಮಲಗಿದರು. ಮುಂದಿನಿಂದ ಹಿಂದಿನವರೆಗೆ ಗೇಣಿಗೊಂದು ಏಟು. ಒಳ್ಳೆ ಕಬ್ಬಿಣ ಟಣ್ ಅನ್ನುತ್ತದೆ, ತುಕ್ಕು ತಿಂದದ್ದು ದಪ್ ಅನ್ನುತ್ತದೆ. ಹಿಂದಿನ ಅರ್ಧ ಬಂದಾಗ ಬರೀ ದಪ್. ಸ್ಕ್ರೂಡ್ರೈವರ್ ಒತ್ತಿದರೆ ಕಪ್ಪು ಕೋಟಿಂಗಿನ ಸಮೇತ ಒಳಗೆ ಹೋಯಿತು.

"ಸರ, ಇದು ಚಾಸಿ ಅಲ್ರೀ, ಹಪ್ಪಳ ಆಗೇತಿ. ಮ್ಯಾಲಿನ ಡಾಂಬರ್ ಹಿಡ್ಕೊಂಡು ನಿಂತೈತಿ ನೋಡ್ರಿ."

ನನ್ನ ಸಿಟ್ಟು ತುಕ್ಕಿನ ಮೇಲಲ್ಲ. ಕಬ್ಬಿಣ, ನೀರು, ಗಾಳಿ ಸೇರಿದರೆ ತುಕ್ಕು ಬಂದೇ ಬರುತ್ತದೆ. ಉಪ್ಪಿನ ಗಾಳಿ ಇದ್ದರೆ ಇನ್ನೂ ಬೇಗ. ನನ್ನ ಸಿಟ್ಟು ಆ ಕಪ್ಪು ಬಣ್ಣದ ಮೇಲೆ. ತುಕ್ಕು ಕೆರೆಯದೆ ಮೇಲೆ ಡಾಂಬರಿನಂಥದ್ದು ಬಳಿದರೆ ನೀರು ಒಳಗೇ ಉಳಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಡುತ್ತದೆ, ಪದರ ಪದರವಾಗಿ ಉಬ್ಬುತ್ತದೆ. ಹೊರಗೆ ಮಾತ್ರ ನುಣ್ಣಗೆ ಕಾಣುತ್ತದೆ. ಇದನ್ನು ಸರ್ವಿಸ್ ಅಂತ ಹೇಳಿ ದುಡ್ಡು ತೆಗೆದುಕೊಳ್ಳುವುದು ತಪ್ಪು. ಡೋರಿನ ತಗ್ಗಿಗೆ ಲಪ್ಪ (ಪುಟ್ಟಿ) ತುಂಬಿದರೆ ಅಂದ ಕೆಡುತ್ತದೆ ಅಷ್ಟೇ. ಎಂಜಿನ್, ಪಾಟಾ, ಸ್ಟೇರಿಂಗ್ ಎಲ್ಲ ನಿಂತಿರುವುದು ಚಾಸಿಯ ಮೇಲೆ.

ಕೆಲಸಕ್ಕೆ 18 ದಿನ ಹಿಡಿಯಿತು. ನಾನು ಹೆಚ್ಚು ಕಮ್ಮಿ ದಿನಾ ಹೋಗಿ ನಿಲ್ಲುತ್ತಿದ್ದೆ. ಮೊದಲು ಬ್ಯಾಟರಿ ಬಿಚ್ಚಿದರು, ಡೀಸೆಲ್ ಟ್ಯಾಂಕ್ ಇಳಿಸಿದರು. ಆಮೇಲೆ ಬಾಡಿಯನ್ನೇ ಎತ್ತಿ ಪಕ್ಕಕ್ಕಿಟ್ಟರು. ಬಾಡಿ ಎತ್ತದೆ ಚಾಸಿಯ ಮೇಲ್ಭಾಗ ಕಾಣುವುದಿಲ್ಲ, ಕೆಸರು ಕೂರುವುದು ಅಲ್ಲೇ. ಗ್ರೈಂಡರ್ ಹಿಡಿದು ಬೆಳ್ಳಗಿನ ಕಬ್ಬಿಣ ಸಿಗುವವರೆಗೂ ಕತ್ತರಿಸಿದರು. ಅಂಗೈಯಷ್ಟು ತೂತು ಅಂದುಕೊಂಡಿದ್ದು ಮೊಳದುದ್ದ ಆಯಿತು. ನನಗೆ ಹೊಟ್ಟೆ ಉರಿಯಿತು. ಮಾಮಾ ಬಿಡಲಿಲ್ಲ. ತುಕ್ಕಿನ ಮೇಲೆ ವೆಲ್ಡಿಂಗ್ ಹಿಡಿಯುವುದಿಲ್ಲ, ಹಿಡಿದ ಹಾಗೆ ಕಂಡರೂ ಪಕ್ಕದಲ್ಲೇ ಹರಿಯುತ್ತದೆ ಅಂದರು.

ತೇಪೆಯ ಆಕಾರವನ್ನೂ ನಾನು ಅಲ್ಲೇ ಕಲಿತೆ. ಚೌಕ ತುಂಡು ಹಾಕಿದರೆ ಬೆಸುಗೆ ಚಾಸಿಗೆ ಅಡ್ಡಡ್ಡ, ನೆಟ್ಟಗೆ ಒಂದೇ ಗೆರೆಯಲ್ಲಿ ಬರುತ್ತದೆ. ಭಾರ ಬಿದ್ದಾಗ ಆ ಗೆರೆಯಲ್ಲೇ ಬಿರುಕು ಬಿಡುತ್ತದೆ. ಅದಕ್ಕೇ ತುದಿಗಳನ್ನು ಶಂಕರಪೋಳಿಯ ಹಾಗೆ ಓರೆಯಾಗಿ ಕತ್ತರಿಸಿದರು. ತಗಡೂ ಮೊದಲಿನಷ್ಟೇ ದಪ್ಪ. ತೀರಾ ದಪ್ಪ ಹಾಕಿದರೆ ಆ ಜಾಗ ಮಣಿಯದೆ, ಅದರ ಪಕ್ಕದ ಹಳೆ ಕಬ್ಬಿಣ ಮುರಿಯುತ್ತದಂತೆ. ಬೆಸುಗೆಯನ್ನೂ ಒಂದೇ ಸಲ ಉದ್ದಕ್ಕೆ ಎಳೆಯಲಿಲ್ಲ. ಇಲ್ಲೊಂದು ಇಂಚು, ಅಲ್ಲೊಂದು ಇಂಚು, ಆರಲು ಬಿಟ್ಟು ಮತ್ತೆ. ಒಂದೇ ಕಡೆ ಕಾದರೆ ಚಾಸಿ ಸೊಟ್ಟಗಾಗುತ್ತದೆ. ಪ್ರತಿ ಸಂಜೆ ಟೇಪ್ ಹಿಡಿದು ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳತೆ ನೋಡುತ್ತಿದ್ದರು. ಎರಡೂ ಒಂದೇ ಬರಬೇಕು. ಬರದಿದ್ದ ದಿನ ಮಾಮಾ ಚಹಾ ಕೂಡ ಕುಡಿಯಲಿಲ್ಲ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಗ್ರೈಂಡರ್ ಹಚ್ಚುವ ಮೊದಲು ಚಾಸಿ ನಂಬರ್ ಎಲ್ಲಿದೆ ಅಂತ ಹುಡುಕಿ, ಅದರ ಮೇಲೆ ಟೇಪ್ ಸುತ್ತಿಡಿ. ಸ್ವಂತ ಗಾಡಿಗೆ 15 ವರ್ಷ ಆದ ಮೇಲೆ 5 ವರ್ಷಕ್ಕೊಮ್ಮೆ ಆರ್‌ಟಿಓದಲ್ಲಿ ರಿನ್ಯೂವಲ್ ಆಗಬೇಕು. ಆಗ ಆ ನಂಬರ್ ನೋಡುತ್ತಾರೆ. ಅದು ಅಳಿಸಿಹೋದರೆ ಗಾಡಿ ನಿಮ್ಮದು ಅಂತ ತೋರಿಸುವುದೇ ಕಷ್ಟ.

ಬಣ್ಣ ಕೊನೆಗೆ. ಕೆರೆದ ದಿನವೇ ಪ್ರೈಮರ್ ಹೊಡೆದರು, ಯಾಕೆಂದರೆ ಬೆಳಗಾವಿಯ ಮಳೆಯಲ್ಲಿ ಬೆತ್ತಲೆ ಕಬ್ಬಿಣ ಒಂದು ರಾತ್ರಿಗೇ ಕೆಂಪಾಗುತ್ತದೆ. ಪೈಪಿನಂತೆ ಮುಚ್ಚಿದ ಜಾಗಗಳ ಒಳಗೆ ಮೇಣದ ಸ್ಪ್ರೇ ಹಾಕಿದರು. ನೀರು ಇಳಿದುಹೋಗಲು ಕಂಪನಿಯವರೇ ಬಿಟ್ಟ ತೂತುಗಳನ್ನು ತಂತಿ ಹಾಕಿ ಬಿಡಿಸಿದರು. ಎಲ್ಲವೂ ಕೆಂಪು ಮಣ್ಣಿನಿಂದ ಕಟ್ಟಿಕೊಂಡಿದ್ದವು. ಕಪ್ಪು ಬಳಿದವರು ಅವನ್ನೂ ಮುಚ್ಚಿಬಿಟ್ಟಿದ್ದರು.

ಇಷ್ಟು ಖರ್ಚು ಮಾಡುವ ಬದಲು ಗುಜರಿಗೆ ಹಾಕಬಹುದಿತ್ತಲ್ಲ ಅಂತ ತಮ್ಮ ಕೇಳಿದ. ಇಡೀ ಚಾಸಿ ಹೋಗಿದ್ದರೆ ನಾನೇ ಹಾಕುತ್ತಿದ್ದೆ. ಮುಂದಿನ ಅರ್ಧ ಟಣ್ ಅಂದಿತ್ತು, ಅದಕ್ಕೇ ಉಳಿಸಿಕೊಂಡೆ.

ಮಾರುವವರಲ್ಲಿ ನನ್ನದು ಒಂದೇ ವಿನಂತಿ. ತುಕ್ಕು ಇದ್ದರೆ ಇದೆ ಅನ್ನಿ. ಬೆಲೆ ಇಳಿಸಿ ಕೊಡಿ. ಕೊಳ್ಳುವವನು ಸುತ್ತಿಗೆ ತಂದರೆ ಬೇಜಾರು ಮಾಡಿಕೊಳ್ಳದೆ ತಟ್ಟಲು ಬಿಡಿ. ಆ ಗಾಡಿಯಲ್ಲಿ ಅವನ ಮಕ್ಕಳೂ ಕೂರುತ್ತಾರೆ ಅಲ್ವಾ?

ನನ್ನ ಜೀಪಿನ ಮುಂದಿನ ಕ್ರಾಸ್ ಮೆಂಬರ್, ಅಂದರೆ ಚಾಸಿಯ ಅಡ್ಡಪಟ್ಟಿ, ಒಂದು ಕಡೆ ಸ್ವಲ್ಪ ತೆಳುವಾಗಿದೆ. ಮಾಮಾ ಅದಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಕಳಿಸಿದ್ದಾರೆ. ದೀಪಾವಳಿ ಮುಗಿದ ಮೇಲೆ ಮತ್ತೆ ಒಯ್ಯಬೇಕು. ಅಲ್ಲಿವರೆಗೆ ಘಾಟ್ ಇಳಿಯುವುದಿಲ್ಲ.