ಮ್ಯಾಚ್ ನೋಡಲಿಕ್ಕೇ ಹೋದದ್ದು, ಇನ್ನೇನಕ್ಕೆ?

ನಿನ್ನೆ ವಿರಾಜಪೇಟೆಯಲ್ಲಿ ಒಂದು ಮದುವೆ. ಊಟದ ಸಾಲಿನಲ್ಲಿ ನಿಂತಿದ್ದಾಗ ಪರಿಚಯದ ಆಂಟಿಯೊಬ್ಬರು ಮುಖ ಸಣ್ಣ ಮಾಡಿಕೊಂಡು ಕೇಳಿದರು, "ಚೆನ್ನೈಗೆ ಹೋಗಿದ್ದಿರಂತೆ, ಆಸ್ಪತ್ರೆಗಾ?" ಅಲ್ಲ ಆಂಟಿ, ಹಾಕಿ ನೋಡಲಿಕ್ಕೆ ಎಂದೆ. "ಅಯ್ಯೋ, ಬರೀ ಹಾಕಿಗಾ? ಮಹಾಬಲಿಪುರ ನೋಡಲಿಲ್ವಾ? ಕಾಂಚೀಪುರಕ್ಕೆ ಹೋಗಿ ಒಂದು ಸೀರೆ ತಗೊಳ್ಳಲಿಲ್ವಾ?" ಆಸ್ಪತ್ರೆಗೆ ಎಂದು ಹೇಳಿದ್ದರೂ ಅವರಿಗೆ ಇಷ್ಟು ಬೇಜಾರಾಗುತ್ತಿರಲಿಲ್ಲವೇನೋ.

ಇವರೊಬ್ಬರೇ ಅಲ್ಲ. ಬಂದಾಗಿನಿಂದ ಎಲ್ಲರದ್ದೂ ಇದೇ ರಾಗ. ಬರೀ ಮ್ಯಾಚಿಗಾ? ಬರೀ ಮ್ಯಾಚಿಗಾ?

ಕೇಳುವವರು ಯಾವ ಊರಿನವರು ಹೇಳಿ. ಕೊಡಗಿನವರು! 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು 60 ಕುಟುಂಬಗಳನ್ನು ಸೇರಿಸಿ ಶುರು ಮಾಡಿದ, ಒಂದೊಂದು ಕೊಡವ ಮನೆತನವೇ ಒಂದು ತಂಡವಾಗಿ ಆಡುವ ಕೌಟುಂಬಿಕ ಹಾಕಿ, 2025ರಲ್ಲಿ ಮಡಿಕೇರಿಯಲ್ಲಿ ಮುದ್ದಂಡ ಕುಟುಂಬ ನಡೆಸಿದ ಕಪ್‌ಗೆ ಬರುವಾಗ 396 ಕುಟುಂಬಗಳಿಗೆ ಮುಟ್ಟಿತು. ಬೇಸಗೆಯ ಬಿಸಿಲಲ್ಲಿ ದಿನಗಟ್ಟಲೆ ಗ್ಯಾಲರಿಯಲ್ಲಿ ಕೂರುವ ಜನ ನಾವು. ನಾಪೋಕ್ಲುವಿಗೆ ಮ್ಯಾಚಿಗೆ ಹೋಗಿ ಬಂದವರನ್ನು ಯಾರಾದರೂ ಚೇಲಾವರ ಜಲಪಾತ ನೋಡಿದಿರಾ ಎಂದು ಕೇಳುತ್ತಾರಾ? ಇಲ್ಲ ಅಲ್ವಾ? ಅದೇ ಹಾಕಿ ಚೆನ್ನೈಯಲ್ಲಿ ನಡೆದರೆ ಮಾತ್ರ ಜೊತೆಗೆ ಒಂದು ದೇವಸ್ಥಾನ, ಒಂದು ಸೀರೆ ಅಂಗಡಿ ಇರಲೇಬೇಕು.

ನಡೆದದ್ದೇನು ಸಣ್ಣ ಟೂರ್ನಮೆಂಟಾ? 2025ರ ಜೂನಿಯರ್ ಹಾಕಿ ವಿಶ್ವಕಪ್! ಮೊದಲ ಸಲ 24 ತಂಡಗಳು, ಚೆನ್ನೈ ಮತ್ತು ಮದುರೈಯಲ್ಲಿ. ಟಿಕೆಟ್ಟಿಗೆ ದುಡ್ಡೇ ಇಲ್ಲ, ಮೊಬೈಲಲ್ಲೇ ಬುಕ್ ಮಾಡಿದರೆ ಆಯಿತು. ನಮ್ಮ ಸುಗ್ಗಿ ಹಬ್ಬ ಪುತ್ತರಿ ಆಗಷ್ಟೇ ಮುಗಿದಿತ್ತು. ಕಾಫಿ ಕೊಯ್ಲು ಬಿಟ್ಟು ಹೋದದ್ದಕ್ಕೆ ಮಾವ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ, ಅದು ಬೇರೆ ಕಥೆ. ಕಾವೇರಿ ಹುಟ್ಟುವ ಜಿಲ್ಲೆಗೆ ರೈಲಿಲ್ಲ, ಅವಳ ಹೆಸರಿನ ರೈಲು ಹತ್ತಬೇಕಾದರೂ ಮೈಸೂರಿಗೆ ಹೋಗಬೇಕು. ರಾತ್ರಿ ಕಾವೇರಿ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಸೆಂಟ್ರಲ್‌ನಲ್ಲಿ ಇಳಿದು, ಮೆಟ್ರೋದಲ್ಲಿ ಒಂದೇ ಸ್ಟೇಷನ್ ದಾಟಿದರೆ ಎಗ್ಮೋರ್. ಮೇಯರ್ ರಾಧಾಕೃಷ್ಣನ್ ಸ್ಟೇಡಿಯಂ ಅಲ್ಲೇ ಹತ್ತಿರ.

ಮ್ಯಾಚ್ ಇದ್ದದ್ದು ಸಂಜೆ. ಹಗಲಿಡೀ ಖಾಲಿ. ಹಾಗಾಗಿ ಊರು ನೋಡಲಿಲ್ಲ ಅನ್ನುವುದೂ ಸುಳ್ಳೇ. ಎಗ್ಮೋರ್ ಮ್ಯೂಸಿಯಂನಲ್ಲಿ ಚೋಳರ ಕಾಲದ ಕಂಚಿನ ನಟರಾಜನ ಮುಂದೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಿಂತೆ. "ಬೇಗ ಬನ್ನಿ, ಇನ್ನೂ ನಾಲ್ಕು ಕಡೆ ಹೋಗಲಿಕ್ಕಿದೆ" ಎಂದು ಕೂಗುವ ಟ್ಯಾಕ್ಸಿಯವನಿಲ್ಲ. ಸಂಜೆ ಎಲ್ಲಿರಬೇಕು ಎನ್ನುವುದೊಂದು ಗೊತ್ತಿದ್ದರೆ ಉಳಿದ ಹೊತ್ತೆಲ್ಲ ನಮ್ಮದೇ. ಪಟ್ಟಿ ಹಿಡಿದು ಓಡುವವರಿಗೆ ಇದು ಅರ್ಥವಾಗುವುದಿಲ್ಲ ಬಿಡಿ.

ಒಂದು ಮಾತು ಹೇಳಿಬಿಡುತ್ತೇನೆ. ನಮ್ಮಂಥ ತೋಟದ ಮನೆಯವರು ದೊಡ್ಡ ಊರಿಗೆ ಹೋಗುವುದೇ ಕಷ್ಟ ಬಂದಾಗ. ಆಸ್ಪತ್ರೆ, ಕೋರ್ಟು, ಮಕ್ಕಳ ಅಡ್ಮಿಷನ್. ನನ್ನ ಅಮ್ಮ ಕೊನೆಯ ವರ್ಷ ನೋಡಿದ ಬೆಂಗಳೂರು ಎಂದರೆ ಒಂದು ವಾರ್ಡು, ಒಂದು ಔಷಧಿ ಅಂಗಡಿ. ಅವರ ಜೊತೆ ಇದ್ದ ನಾನೂ ನೋಡಿದ್ದು ಅಷ್ಟೇ. ಹಾಗಾಗಿ ಕೈಯಲ್ಲಿ ಫೈಲ್ ಇಲ್ಲದೆ, ಯಾರ ಮುಂದೆಯೂ ಟೋಕನ್ ಹಿಡಿದು ಕೂರದೆ ಒಂದು ಊರಿನಲ್ಲಿ ಓಡಾಡಿದ್ದು ನನಗೆ ದೊಡ್ಡ ವಿಷಯ. ಆಂಟಿಗೆ ಇದನ್ನೆಲ್ಲ ಪಲಾವ್ ಬಡಿಸಿಕೊಳ್ಳುತ್ತಾ ಹೇಳಲಿಕ್ಕಾಗುತ್ತದಾ?

ಇನ್ನು ಮ್ಯಾಚ್. ಸೆಮಿಫೈನಲ್‌ನಲ್ಲಿ ಜರ್ಮನಿ ನಮ್ಮ ಹುಡುಗರನ್ನು 5-1ರಲ್ಲಿ ಸೋಲಿಸಿತ್ತು. ಡಿಸೆಂಬರ್ 10ರಂದು ಕಂಚಿಗಾಗಿ ಅರ್ಜೆಂಟೀನಾ ಎದುರು. ಮೂರು ಕ್ವಾರ್ಟರ್ ಮುಗಿದಾಗ 0-2. ನಮ್ಮನೆಯವರು ಮಾತೇ ನಿಲ್ಲಿಸಿದ್ದರು. ಪಕ್ಕದಲ್ಲಿ ಒಬ್ಬ ತಮಿಳಿನ ಅಜ್ಜ ಕೂತಿದ್ದರು, ಚೆನ್ನೈಯ ಹಳೆಯ ಹಾಕಿ ಟೂರ್ನಮೆಂಟ್ ಮುರುಗಪ್ಪ ಗೋಲ್ಡ್ ಕಪ್ ಕಾಲದಿಂದಲೂ ಅಲ್ಲಿಗೆ ಬರುವವರಂತೆ. ಕೂರ್ಗ್ ಎಂದದ್ದೇ ತಡ, "ಸೋಮಯ್ಯ!" ಎಂದು ನಮ್ಮನೆಯವರ ಕೈ ಕುಲುಕಿದರು. 1988ರ ಸಿಯೋಲ್ ಒಲಿಂಪಿಕ್ಸ್‌ನಲ್ಲಿ ಭಾರತದ ಹಾಕಿ ಕ್ಯಾಪ್ಟನ್ ಎಂ.ಎಂ. ಸೋಮಯ್ಯ. ನಮ್ಮೂರಿನ ಎಷ್ಟು ಮಕ್ಕಳಿಗೆ ಆ ಹೆಸರು ಗೊತ್ತಿದೆಯೋ. ಆಮೇಲೆ ಅಂಕಿತ್ ಪಾಲ್ ಒಂದು, ಮನ್‌ಮೀತ್ ಒಂದು, ಶಾರದಾ ನಂದ್ ತಿವಾರಿ, ಅನ್‌ಮೋಲ್ ಎಕ್ಕಾ. ಕೊನೆಯ ಒಂದೇ ಕ್ವಾರ್ಟರ್‌ನಲ್ಲಿ ನಾಲ್ಕು ಗೋಲು! 4-2. ಅಜ್ಜನೂ ನಮ್ಮನೆಯವರೂ ಯಾವ ಭಾಷೆಯಲ್ಲಿ ಕಿರುಚಿದರೋ ದೇವರಿಗೇ ಗೊತ್ತು.

ಭಾರತದ ಆಟ ಮುಗಿದ ಕೂಡಲೇ ಎದ್ದು ಹೋದವರ ಮೇಲೆ ನನಗೆ ಇನ್ನೂ ಸಿಟ್ಟಿದೆ. ಫೈನಲ್ ಬಿಟ್ಟು ಹೋಗುವುದಾ? ಜರ್ಮನಿ-ಸ್ಪೇನ್, 1-1, ಶೂಟೌಟ್‌ನಲ್ಲಿ ಜರ್ಮನಿಗೆ ಕಪ್.

ಟಿವಿಯಲ್ಲೇ ಇನ್ನೂ ಚೆನ್ನಾಗಿ ಕಾಣುತ್ತದೆ, ರಿಪ್ಲೇ ಇರುತ್ತದೆ, ಯಾಕೆ ಇಷ್ಟು ಖರ್ಚು ಎಂದು ನನ್ನ ತಮ್ಮ ಕೇಳುತ್ತಾನೆ. ಸರಿಯಪ್ಪ, ಕಾಣುತ್ತದೆ. ಹಾಗಾದರೆ ಮದುವೆಯನ್ನೂ ವಿಡಿಯೋದಲ್ಲೇ ನೋಡು, ಊಟಕ್ಕೆ ಯಾಕೆ ಬರುತ್ತೀಯಾ? ಖರ್ಚಿನ ಲೆಕ್ಕ ಕೇಳುವ ಇವನು ಹೋದ ವರ್ಷ ಗೋವಾಕ್ಕೆ ಹೋಗಿ ರೂಮಿನಲ್ಲೇ ಮಲಗಿ ಬಂದವನು.

2026ರ ಆಗಸ್ಟ್‌ನಲ್ಲಿ ದೊಡ್ಡವರ ವಿಶ್ವಕಪ್ ಬೆಲ್ಜಿಯಂ ಮತ್ತು ನೆದರ್ಲ್ಯಾಂಡ್ಸ್‌ನಲ್ಲಿದೆ. ಮೆಣಸಿನ ರೇಟು ಎಷ್ಟು ಏರಿದರೂ ನಮ್ಮ ಕೈಗೆ ಅದು ಎಟುಕುವುದಿಲ್ಲ. ಅಕಸ್ಮಾತ್ ಎಟುಕಿ ಹೋಗಿಬಂದರೆ ದಯವಿಟ್ಟು ಯಾರೂ ಆ್ಯಮ್‌ಸ್ಟರ್‌ಡ್ಯಾಂ ಕಾಲುವೆಯಲ್ಲಿ ಬೋಟ್ ಹತ್ತಿದಿರಾ ಎಂದು ಕೇಳಬೇಡಿ. ಸ್ಕೋರ್ ಎಷ್ಟು ಎಂದು ಕೇಳಿ, ಕೂರಿಸಿ ಕಾಫಿ ಕೊಟ್ಟು ಹೇಳುತ್ತೇನೆ.