ಸ್ಪಷ್ಟನೆ: ಬಳಸಿದ ಫೆರಿಕ್ ಕ್ಲೋರೈಡ್ ಬಚ್ಚಲಿಗೆ ಸುರಿಯಬೇಡಿ

‘ಪಿಸಿಬಿ ಎಚಿಂಗ್ ಆದಮೇಲೆ ಫೆರಿಕ್ ಕ್ಲೋರೈಡಿಗೆ ನೀರು ಬೆರೆಸಿ ಬಚ್ಚಲಿಗೆ ಸುರಿಯಿರಿ, ಅದು ಬರೀ ಕಬ್ಬಿಣದ ಲವಣ’ ಎಂಬ ಸಂದೇಶ ದಾವಣಗೆರೆಯ ಹವ್ಯಾಸಿಗಳ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. (ಪಿಸಿಬಿ ಎಂದರೆ ಎಲೆಕ್ಟ್ರಾನಿಕ್ ಬಿಡಿಭಾಗ ಕೂರಿಸುವ, ತಾಮ್ರದ ಪದರವಿರುವ ಬೋರ್ಡು; ಅದರ ಬೇಡದ ತಾಮ್ರವನ್ನು ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಕರಗಿಸಿ ತೆಗೆಯುವುದೇ ಎಚಿಂಗ್.)

ಬೋರ್ಡಿನಿಂದ ಕರಗಿದ ತಾಮ್ರವೆಲ್ಲ ಆ ದ್ರಾವಣದಲ್ಲೇ ಇರುತ್ತದೆ. 35 ಮೈಕ್ರಾನ್ ತಾಮ್ರವಿರುವ 10×10 ಸೆಂ.ಮೀ. ಬೋರ್ಡಿನ ಒಂದು ಬದಿ ಪೂರ್ತಿ ಕರಗಿದರೆ ಸುಮಾರು 3 ಗ್ರಾಂ. ನೀರು ಬೆರೆಸಿದರೆ ಬಣ್ಣ ತಿಳಿಯಾಗುತ್ತದೆ, ತಾಮ್ರ ಎಲ್ಲಿಗೂ ಹೋಗುವುದಿಲ್ಲ. ಚರಂಡಿ ಸೇರುವ ಕೆರೆಯ ಮೀನಿಗೆ ಅದು ವಿಷ. ದ್ರಾವಣ ಕಬ್ಬಿಣದ ಪೈಪನ್ನೂ ತಿನ್ನುತ್ತದೆ.

ಸರಿಯಾದ ಕ್ರಮ: ಕೈಗವಸು, ಕನ್ನಡಕ ಹಾಕಿಕೊಂಡು ಬಳಸಿದ ದ್ರಾವಣವನ್ನು ದೊಡ್ಡ ಪ್ಲಾಸ್ಟಿಕ್ ಬಕೆಟ್‌ನಲ್ಲಿಟ್ಟು, ಅದಕ್ಕೆ ವಾಷಿಂಗ್ ಸೋಡಾವನ್ನು ಚಿಟಿಕೆ ಚಿಟಿಕೆಯಾಗಿ ಹಾಕಿ. ಒಮ್ಮೆಲೇ ಸುರಿದರೆ ನೊರೆ ಉಕ್ಕುತ್ತದೆ. ಆಮ್ಲೀಯತೆ ಅಳೆಯುವ ಪಿಎಚ್ ಕಾಗದ 7–8 ತೋರಿಸಿದ ಮೇಲೆ ಒಂದು ದಿನ ಬಿಡಿ. ತಳದ ಗಸಿಯನ್ನು ಒಣಗಿಸಿ, ಮುಚ್ಚಳದ ಡಬ್ಬಿಯಲ್ಲಿ ಅಪಾಯಕಾರಿ ಕಸವೆಂದು ಬರೆದು ಬೇರೆಯಾಗಿಯೇ ಕೊಡಿ.

ಆ ಸಂದೇಶ ಬಂದರೆ ದಯವಿಟ್ಟು ಫಾರ್ವರ್ಡ್ ಮಾಡಬೇಡಿ.